ಓಪನ್‌ಡಬ್ಲ್ಯೂಆರ್‌ಟಿ ರೂಟರ್, ಎರಡನೇ ವಾರ: ತೋಟದ ಪಂಪಿಗೆ ಬೇರೆ ವೈಫೈ

ಹೋದ ವಾರ ಆರ್ಚರ್ ಸಿ7 ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ (ಕಂಪನಿಯ ತಂತ್ರಾಂಶದ ಬದಲು ಹಾಕುವ ಮುಕ್ತ ತಂತ್ರಾಂಶ) ಹಾಕಿ ಮುಗಿಸಿದ್ದೆ. ಈ ವಾರ ವೈಫೈ ಸರದಿ. ಹೊಸದಾಗಿ ಹಾಕಿದಾಗ ವೈಫೈ ಆಫ್ ಆಗಿರುತ್ತದೆ, ಹಾಗಾಗಿ ಕೇಬಲ್ ಸಿಕ್ಕಿಸಿಕೊಂಡೇ ಶುರು ಮಾಡಿದೆ.

ವೈಫೈ ಸೆಟ್ಟಿಂಗ್ ಇರುವ 'ವೈರ್‌ಲೆಸ್' ಫೈಲಿನಲ್ಲಿ ಎರಡು ಬಗೆಯ ಭಾಗಗಳಿವೆ. 'ಡಿವೈಸ್' ಅಂದರೆ ರೇಡಿಯೋ: ಬ್ಯಾಂಡ್, ಚಾನಲ್, ದೇಶ ಎಲ್ಲ ಅಲ್ಲಿ. 'ಐಫೇಸ್' ಅಂದರೆ ಆ ರೇಡಿಯೋ ಮೇಲೆ ಓಡುವ ನೆಟ್‌ವರ್ಕ್: ಹೆಸರು, ಪಾಸ್‌ವರ್ಡ್, ಎನ್‌ಕ್ರಿಪ್ಷನ್. ಒಂದೇ ರೇಡಿಯೋ ಮೇಲೆ ಹಲವು ಐಫೇಸ್ ಇಡಬಹುದು. ಇದು ತಲೆಗೆ ಹೋದ ಮೇಲೆ ಉಳಿದದ್ದು ಸಲೀಸಾಯಿತು.

ದೇಶ ಭಾರತ ಅಂತ ಹಾಕಿದೆ. 5 ಗಿಗಾಹರ್ಟ್ಸ್‌ಗೆ 100ನೇ ಚಾನಲ್ ಕೊಟ್ಟೆ. ರೀಲೋಡ್ ಮಾಡಿದರೆ ನೆಟ್‌ವರ್ಕ್ ಹೆಸರೇ ಕಾಣಿಸಲಿಲ್ಲ! ಲಾಗ್ ನೋಡಿದಾಗ ಗೊತ್ತಾಯಿತು, ಅದು ರೇಡಾರ್‌ಗಳೂ ಬಳಸುವ ಚಾನಲ್. ರೇಡಾರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ರೂಟರ್ ಮೊದಲು 60 ಸೆಕೆಂಡ್ ಕೇಳಿಸಿಕೊಂಡು, ಆಮೇಲೆ ಪ್ರಸಾರ ಶುರು ಮಾಡುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಲ್ವಾ, ಪ್ರತಿ ಸಲ ಕಾಯುವುದು ಬೇಡ ಅಂತ 36ಕ್ಕೆ ಬದಲಾಯಿಸಿದೆ.

ಜಾಸ್ತಿ ಸಮಯ ತಿಂದದ್ದು ಪಂಪು. ಸ್ಟಾರ್ಟರ್‌ಗೆ ಜೋಡಿಸಿದ ವೈಫೈ ಸ್ವಿಚ್‌ನಲ್ಲಿ ಇಎಸ್‌ಪಿ8266 ಚಿಪ್ ಇದೆ, ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಮನೆಯ ನೆಟ್‌ವರ್ಕ್ ವೈಫೈ ಭದ್ರತೆಯ ಹಳೆಯ ಡಬ್ಲ್ಯೂಪಿಎ2, ಹೊಸ ಡಬ್ಲ್ಯೂಪಿಎ3 ಎರಡನ್ನೂ ಬೆರೆಸಿದ್ದು. ಸ್ವಿಚ್ ಅದಕ್ಕೆ ಸೇರಲೇ ಇಲ್ಲ. ಅದೊಂದಕ್ಕಾಗಿ ಮನೆಯ ಭದ್ರತೆ ಇಳಿಸಲು ಮನಸ್ಸಾಗಲಿಲ್ಲ. 2.4 ರೇಡಿಯೋ ಮೇಲೆ 'ತೋಟ' ಅಂತ ಇನ್ನೊಂದು ಐಫೇಸ್ ಮಾಡಿ, ಬರೀ ಡಬ್ಲ್ಯೂಪಿಎ2 ಇಟ್ಟೆ. ಚಾನಲ್ 6, ಅಗಲ 20 ಮೆಗಾಹರ್ಟ್ಸ್. ಕೂಡಲೇ ಸೇರಿತು.

ಸುಮ್ನೆ ಹೆಸರು ಬೇರೆ ಮಾಡಿದರೆ ನೆಟ್‌ವರ್ಕ್ ಬೇರೆಯಾಗುವುದಿಲ್ಲ. ಅದಕ್ಕೆ ಬೇರೆ ಐಪಿ (ಸಾಧನಗಳ ವಿಳಾಸ) ಸಾಲು, ಬೇರೆ ಫೈರ್‌ವಾಲ್ ಝೋನ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವ ನಿಯಮಗಳ ವಲಯ) ಕೊಟ್ಟೆ. ಮನೆಯಿಂದ ತೋಟಕ್ಕೆ ದಾರಿ ಬಿಟ್ಟೆ, ತೋಟದಿಂದ ಮನೆಗೆ ಬಿಡಲಿಲ್ಲ. ಆಮೇಲೆ ಸ್ವಿಚ್‌ಗೆ ಐಪಿಯೇ ಸಿಗಲಿಲ್ಲ. ಒಂದು ಗಂಟೆ ಹುಡುಕಿದೆ. ಹೊಸ ಝೋನ್ ರೂಟರಿಗೆ ಬರುವುದನ್ನೆಲ್ಲ ತಡೆಯುತ್ತಿತ್ತು, ಐಪಿ ಕೇಳುವ ಡಿಎಚ್‌ಸಿಪಿ ಕೋರಿಕೆಯನ್ನೂ. ಡಿಎಚ್‌ಸಿಪಿಗೆ ಯುಡಿಪಿ 67ನೇ ಪೋರ್ಟ್ (ಒಳಬರಲು ಇರುವ ಬಾಗಿಲಿನಂತೆ), ಸೈಟಿನ ಹೆಸರಿನಿಂದ ಐಪಿ ಹುಡುಕುವ ಡಿಎನ್‌ಎಸ್‌ಗೆ 53ನೇ ಪೋರ್ಟ್ ತೆರೆದೆ. ಸರಿಹೋಯಿತು.

ಜಂಬಿಟ್ಟಿಗೆ ಗೋಡೆ ದಾಟಿ ಪಂಪ್‌ಹೌಸಿನಲ್ಲಿ ಸಿಗ್ನಲ್ ಮೈನಸ್ 71 ಡಿಬಿಎಂ ಇದೆ. ಸ್ವಿಚ್‌ಗೆ ಅಷ್ಟು ಸಾಕು. ನಿನ್ನೆ ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕೂತು ಫೋನಿನಿಂದಲೇ ಪಂಪ್ ಹಾಕಿದರು. ಅಡಿಕೆ ತೋಟದ ಕೆಳಗಿನಿಂದ ಮೋಟಾರಿನ ಸದ್ದು ಬಂದಾಗ ನಾವಿಬ್ಬರೂ ಎದ್ದು ನಿಂತೆವು.

ಮುಂದಿನ ವಾರ ಕೊಟ್ಟಿಗೆಯ ಹತ್ತಿರ ಎರಡನೇ ರೂಟರ್ ಇಡಬೇಕು. ಕೇಬಲ್ ತಂದಾಗಿದೆ.