ಎತ್ತಿದ ಹಿಮ್ಮಡಿ

ಮುಂಬೈನ ಮಳೆಯಲ್ಲಿ ರಸ್ತೆಗಿಳಿದು ಕ್ಯಾಮೆರಾ ಹೊರತೆಗೆಯುವುದು ಕಷ್ಟ. ಹಾಗಾಗಿ ಜುಲೈ, ಆಗಸ್ಟ್ ತಿಂಗಳ ಭಾನುವಾರಗಳಲ್ಲಿ ನಾನು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ ಹೋಗುತ್ತೇನೆ. ನಗರದ ಹಳಬರು ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದೇ ಕರೆಯುವ ಕಟ್ಟಡ ಅದು. ಕ್ಯಾಮೆರಾಕ್ಕೆ ಬೇರೆ ಚೀಟಿ ಮಾಡಿಸಬೇಕು, ಫ್ಲ್ಯಾಶ್ ಹಾಕುವಂತಿಲ್ಲ, ಟ್ರೈಪಾಡ್ ನಿಲ್ಲಿಸುವಂತಿಲ್ಲ. ನನಗೆ ಅವೆರಡೂ ಬೇಡ. ನಾನು ತೆಗೆಯುವುದು ಶಿಲ್ಪಗಳ ಚಿತ್ರವನ್ನಲ್ಲ, ಶಿಲ್ಪಗಳ ಮುಂದೆ ನಿಂತ ಜನರ ಚಿತ್ರವನ್ನು.

ಮ್ಯೂಸಿಯಂನೊಳಗೆ ಬಂದವರ ನಿಲುವೇ ಬದಲಾಗುತ್ತದೆ. ದನಿ ತಗ್ಗುತ್ತದೆ, ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ. ಫಲಕವನ್ನು ಪೂರ್ತಿ ಓದಿ ವಿಗ್ರಹವನ್ನು ಒಂದು ಕ್ಷಣ ನೋಡಿ ಮುಂದೆ ಹೋಗುವವರಿದ್ದಾರೆ. ಫಲಕದ ಕಡೆ ತಿರುಗಿಯೂ ನೋಡದೆ ವಿಗ್ರಹದ ಮುಂದೆ ಕಾಲು ಗಂಟೆ ನಿಲ್ಲುವವರೂ ಇದ್ದಾರೆ. ಎಲ್ಲರ ಕಣ್ಣೂ ವಸ್ತುವಿನ ಮೇಲಿರುವುದರಿಂದ ತಮ್ಮ ಮುಖದ ಮೇಲಿನ ಕಾವಲನ್ನು ಅವರು ಮರೆತಿರುತ್ತಾರೆ. ನಾನು ಕಾಯುವುದು ಆ ಮರೆವಿಗಾಗಿ.

ನಡುಹಜಾರದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದ ಜಾರ್ಜ್ ವಿಟೆಟ್ ಅವರದೇ ವಿನ್ಯಾಸ ಇದು. ಒಳಗಿನ ಕಮಾನುಗಳಿಗೆ ವಿಜಯಪುರದ ಗೋಳಗುಮ್ಮಟವೇ ಮಾದರಿ ಎನ್ನುತ್ತಾರೆ. 1914ರಲ್ಲಿ ಕಟ್ಟಡ ಮುಗಿದರೂ ಮೊದಲ ಮಹಾಯುದ್ಧದ ಕಾಲದಲ್ಲಿ ಸೈನಿಕರ ಆಸ್ಪತ್ರೆಯಾಗಿ ದುಡಿದು, 1922ರಲ್ಲಷ್ಟೇ ಮ್ಯೂಸಿಯಂ ಆಗಿ ತೆರೆಯಿತು. ಒಳಗೆ ಕಾಲಿಟ್ಟವರು ಮೊದಲು ಕತ್ತೆತ್ತಿ ಗುಮ್ಮಟವನ್ನು ನೋಡುತ್ತಾರೆ. ಮೇಲಿನ ಮೊಗಸಾಲೆಯಿಂದ ಬಗ್ಗಿ ನೋಡಿದರೆ ಕೆಳಗೆಲ್ಲ ಆಕಾಶ ನೋಡುವ ಮುಖಗಳು.

ಬೆಳಕಿನದು ಮಾತ್ರ ಅಲ್ಲಿ ದೊಡ್ಡ ತಕರಾರು. ಕಿಟಕಿಯಿಂದ ಬರುವುದು ಮಳೆಗಾಲದ ನೀಲಿ ಬೆಳಕು, ಶಿಲ್ಪದ ಮೇಲೆ ಬೀಳುವುದು ಹಳದಿ ದೀಪ. ಎರಡರ ನಡುವೆ ನಿಂತವನ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ನಾನು 35 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದರ ಅಳತೆಯಾದ ಐಎಸ್‌ಒವನ್ನು 3200ಕ್ಕೆ ಏರಿಸಿ, ಸೆಕೆಂಡಿನ ಅರವತ್ತನೇ ಒಂದು ಭಾಗದ ವೇಗದಲ್ಲಿ ಉಸಿರು ಹಿಡಿದು ತೆಗೆಯುತ್ತೇನೆ. ನಿಂತವರು ಸ್ಪಷ್ಟವಾಗಿ ಬರುತ್ತಾರೆ, ಆಡುವ ಕೈ ಸ್ವಲ್ಪ ಮಸುಕಾಗುತ್ತದೆ. ಗಾಜಿನ ಪೆಟ್ಟಿಗೆಗಳ ಹತ್ತಿರ ಪ್ರತಿಬಿಂಬದ ಕಾಟವಿರುವುದರಿಂದ ಕಪ್ಪು ಬಟ್ಟೆಯನ್ನೇ ಉಟ್ಟು ಹೋಗುತ್ತೇನೆ.

ಆ ಭಾನುವಾರ ಮೊದಲ ಗಂಟೆಯಲ್ಲಿ ಏನೂ ಸಿಗಲಿಲ್ಲ. ಕಿರುಗಾತ್ರದ ವರ್ಣಚಿತ್ರಗಳ ಕೋಣೆಯಲ್ಲಿ ಒಬ್ಬ ಹೆಂಗಸು ತನ್ನ ಕನ್ನಡಕವನ್ನು ಭೂತಗನ್ನಡಿಯಂತೆ ಕೈಯಲ್ಲಿ ಹಿಡಿದು ಚಿತ್ರವೊಂದರ ಮೇಲೆ ಬಗ್ಗಿದ್ದನ್ನು ತೆಗೆದೆ. ತೆಗೆದ ಮೇಲೆ ತೋರಿಸಿ ಕೇಳುವುದು ನನ್ನ ಪದ್ಧತಿ. ಆಕೆ ಬೇಡವೆಂದರು. ಅವರ ಎದುರಿಗೇ ಅಳಿಸಿದೆ. ಒಳ್ಳೆಯ ಚಿತ್ರವಾಗಿತ್ತು, ಆದರೆ ಅದರ ಮೇಲೆ ನನಗಿಂತ ಹೆಚ್ಚಿನ ಹಕ್ಕು ಅವರದು.

ಆಮೇಲೆ ಕೆಳಗಿನ ಶಿಲ್ಪಗಳ ಕೋಣೆಗೆ ಬಂದೆ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಚಾವಣಿಯಲ್ಲಿದ್ದ ಏಳನೇ ಶತಮಾನದ ಕಲ್ಲುಗಳು ಅಲ್ಲಿವೆ. ಬ್ರಿಟಿಷರ ಕಾಲದಲ್ಲಿ ಐಹೊಳೆ ಇದ್ದದ್ದು ಮುಂಬೈ ಪ್ರಾಂತ್ಯಕ್ಕೆ ಸೇರಿದ ವಿಜಯಪುರ ಜಿಲ್ಲೆಯಲ್ಲಿ. ಗುಡಿಯಲ್ಲಿ ಕತ್ತು ನೋಯುವಂತೆ ಮೇಲೆ ನೋಡಬೇಕಿದ್ದ ಬ್ರಹ್ಮ ಇಲ್ಲಿ ನೆಟ್ಟಗೆ ನಿಂತು ನಮ್ಮನ್ನೇ ಎದುರುಗೊಳ್ಳುತ್ತಾನೆ. ಸುತ್ತಲೂ ಋಷಿಗಳು. ಈ ಕಲ್ಲಿನ ಮುಂದೆ ನನಗೆ ಯಾವಾಗಲೂ ಊರಿಗೆ ಹೋಗಿ ಬಂದಂತೆ ಆಗುತ್ತದೆ.

ಅದರ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಬಿಳಿ ದೋತರ, ಬಿಳಿ ಟೋಪಿ, ಹೆಗಲ ಮೇಲೆ ವಸ್ತ್ರ, ಕಾಲಲ್ಲಿ ಹವಾಯಿ ಚಪ್ಪಲಿ. ಪಕ್ಕದಲ್ಲಿದ್ದ ಮಗ ಮೊಬೈಲ್ ನೋಡುತ್ತಿದ್ದ. ಅಜ್ಜ ಬಲಗೈಯನ್ನು ಕಲ್ಲಿನ ಹತ್ತಿರ ಒಯ್ದರು. ಮೂಲೆಯ ಕುರ್ಚಿಯಲ್ಲಿದ್ದ ಕಾವಲುಗಾರ ಮುಟ್ಟಬೇಡಿ ಎಂಬಂತೆ ಅರ್ಧ ಎದ್ದು ಕೈ ಎತ್ತಿದ. ಅಜ್ಜ ಕೈಯನ್ನು ಹಿಂದೆ ತೆಗೆಯಲಿಲ್ಲ. ಕಲ್ಲಿನಿಂದ ನಾಲ್ಕು ಬೆರಳು ದೂರದಲ್ಲಿ ಗಾಳಿಯಲ್ಲೇ ಕೈ ಅಗಲಿಸಿ, ಒಂದು ಗೇಣು, ಎರಡು ಗೇಣು ಎಂದು ಅಳೆಯತೊಡಗಿದರು. ನಾನು ಮೂರು ಬಾರಿ ಬಟನ್ ಒತ್ತಿದೆ.

ಕ್ಯಾಮೆರಾದ ಪರದೆಯನ್ನು ಅವರ ಮುಂದೆ ಹಿಡಿದು, "ಅಜ್ಜ, ನಿಮ್ಮ ಫೋಟೊ ತೆಗೆದಿದ್ದೇನೆ, ಇಟ್ಟುಕೊಳ್ಳಬಹುದೇ?" ಎಂದು ಕನ್ನಡದಲ್ಲಿ ಕೇಳಿದೆ. ಅವರಿಗೆ ಫೋಟೊಗಿಂತ ಭಾಷೆಯದೇ ಸಂತೋಷವಾಯಿತು.

"ಯಾವ ಊರು ತಂಗಿ ನಿನ್ನದು?"

"ಧಾರವಾಡ, ಅಜ್ಜ."

"ನಮ್ಮದು ಹುನಗುಂದದ ಕಡೆ. ಈ ಕಲ್ಲೂ ನಮ್ಮ ಕಡೆಯದೇ. ನಲವತ್ತು ವರ್ಷ ಕಲ್ಲು ಕೆಲಸ ಮಾಡಿದ್ದೇನೆ. ಇಷ್ಟು ದೊಡ್ಡ ಹಾಸುಗಲ್ಲನ್ನು ಮೇಲಕ್ಕೆ ಏರಿಸಿದವರು ಇದರ ತೂಕ ಹೇಗೆ ಹಿಡಿದರು ಎಂದು ನೋಡುತ್ತಿದ್ದೆ."

ಮಗನ ನಂಬರು ಬರೆದುಕೊಂಡು ಮನೆಗೆ ಬಂದೆ. ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತೆ. ಮೂರರಲ್ಲಿ ಎರಡನೆಯದು ಸರಿಯಾಗಿ ಬಂದಿತ್ತು, ಆದರೆ ಚೌಕಟ್ಟಿನಲ್ಲಿ ಗದ್ದಲ ಹೆಚ್ಚಿತ್ತು. ಎಡಕ್ಕೆ ಮಗನ ಮೊಬೈಲಿನ ಬೆಳಕು, ಬಲಕ್ಕೆ ಕಾವಲುಗಾರ ಮತ್ತು ಪ್ಲಾಸ್ಟಿಕ್ ಕುರ್ಚಿ, ಕೆಳಗೆ ಹೊಳೆಯುವ ಖಾಲಿ ನೆಲ. ಒಂದೊಂದನ್ನೇ ಕತ್ತರಿಸುತ್ತಾ ಬಂದೆ. 6000 ಪಿಕ್ಸೆಲ್ ಅಗಲ, 4000 ಎತ್ತರ ಇದ್ದ ಅಡ್ಡ ಚಿತ್ರ 2000 ಅಗಲ, 2500 ಎತ್ತರದ ಉದ್ದ ಚಿತ್ರವಾಯಿತು. ಎಂಟು ಇಂಚಿಗೆ ಹತ್ತು ಇಂಚಿನ ಮುದ್ರಣಕ್ಕೆ ಅಷ್ಟು ಸಾಕು. ನೆರಳುಗಳಲ್ಲಿ ರವೆಯಂಥ ಕಾಳು ಕಾಣಿಸಿಕೊಂಡಿತು, ಅದೂ ಚೆಂದವೇ ಅನಿಸಿತು. ಉಳಿದದ್ದು ಮೂರೇ: ಅಜ್ಜನ ಮುಖ, ಗಾಳಿಯಲ್ಲಿ ತೇಲುವ ಕೈ, ಬ್ರಹ್ಮ. ಗೆರೆಗಳೆಲ್ಲ ಕೈಯ ಕಡೆಗೇ ಓಡುತ್ತಿದ್ದವು. ಬಹಳ ದಿನಗಳ ಮೇಲೆ ಒಂದು ಚಿತ್ರ ನನ್ನ ಕೈಗೆ ಒಲಿದಿದೆ ಎಂದುಕೊಂಡೆ.

ಫೋಟೊ ತೆಗೆಯುವ ಗೆಳೆಯರಿಗೆ ಕಳುಹಿಸಿದೆ. ಇಬ್ಬರು ಒಂದೇ ಮಾತು ಬರೆದರು: "ಎಂಥ ಭಕ್ತಿ!" ಮಗನಿಗೂ ಕಳುಹಿಸಿದೆ. ಮರುದಿನ ಸಂಜೆ ಕರೆ ಬಂತು. ಫೋನು ಅಜ್ಜನ ಕೈಯಲ್ಲಿತ್ತು.

"ತಂಗಿ, ಫೋಟೊ ಬಂತು. ನನ್ನ ಕಾಲು ಎಲ್ಲಿ ಹೋಯಿತು?"

ಊರಿನ ಹಿರಿಯರಿಗೆ ಫೋಟೊ ಎಂದರೆ ತಲೆಯಿಂದ ಕಾಲಿನವರೆಗೆ ಇರಬೇಕು ಎಂದು ನನಗೆ ಗೊತ್ತು. ಮಣಿಕಟ್ಟಿನಲ್ಲಿ, ಮೊಣಕಾಲಿನಲ್ಲಿ, ಕಾಲ್ಗಂಟಿನಲ್ಲಿ ಕತ್ತರಿಸಬಾರದು ಎಂದು ನಮ್ಮ ಕೆಲಸದಲ್ಲೂ ಹೇಳಿಕೊಡುತ್ತಾರೆ. ನಾನು ಸೊಂಟದಲ್ಲಿ ಕತ್ತರಿಸಿದ್ದೆ, ನಿಯಮದ ಪ್ರಕಾರ ಅದು ತಪ್ಪಲ್ಲ. ಕಳುಹಿಸುತ್ತೇನೆ ಅಜ್ಜ ಎಂದು ಹೇಳಿ, ಅವರ ಸಮಾಧಾನಕ್ಕೆಂದು ಮೂಲ ಚಿತ್ರವನ್ನು ತೆರೆದೆ.

ಕಾಲುಗಳನ್ನು ಆಗ ಮೊದಲ ಬಾರಿ ನೋಡಿದೆ. ಬಲಗಾಲಿನ ಹಿಮ್ಮಡಿ ಚಪ್ಪಲಿಯಿಂದ ಎರಡು ಬೆರಳಿನಷ್ಟು ಮೇಲೆದ್ದಿತ್ತು. ಬಿರುಕು ಬಿಟ್ಟ ಹಿಮ್ಮಡಿ, ಬಿರುಕಿನ ಅಂಚುಗಳು ಸುಣ್ಣ ಬಳಿದಂತೆ ಬಿಳಿ. ಮೈಯ ಭಾರವೆಲ್ಲ ಕಾಲ ಬೆರಳುಗಳ ಮೇಲೆ ಬಿದ್ದು ಚಪ್ಪಲಿಯ ಮುಂಭಾಗ ಅದುಮಿಹೋಗಿತ್ತು. ಕಲ್ಲಿನ ಮೇಲಂಚಿನ ದಪ್ಪವನ್ನು ನೋಡಲು ಮನುಷ್ಯ ತುದಿಗಾಲಿನಲ್ಲಿ ನಿಂತಿದ್ದ. ಅಲ್ಲಿಂದ ಕಣ್ಣು ಮೇಲೇರಿದರೆ ಮಸುಕಾದ ಹೆಬ್ಬೆರಳು, ಕಿರುಬೆರಳು: ಅಳೆಯುವ ಕೈಯ ಚಲನೆ. ಅಲ್ಲಿಂದ ಬಲಕ್ಕೆ ಸರಿದರೆ ಕಾವಲುಗಾರನ ಎತ್ತಿದ ಕೈ. ಈ ಕೈ ಯಾಕೆ ಕಲ್ಲಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು ಎಂಬುದಕ್ಕೆ ಉತ್ತರ ಆ ಕೈಯಲ್ಲಿತ್ತು.

ಹಿಮ್ಮಡಿ ಹೋದಾಗ ಕುತೂಹಲ ಹೋಗಿತ್ತು, ಕಾವಲುಗಾರ ಹೋದಾಗ ಅಡ್ಡಿ ಹೋಗಿತ್ತು. ಮಿಕ್ಕದ್ದು ದೇವರ ಮುಂದೆ ಕೈ ಎತ್ತಿದ ಒಬ್ಬ ಮುದುಕ. ನಲವತ್ತು ವರ್ಷ ಕಲ್ಲನ್ನು ಬಲ್ಲ ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನ ಲೆಕ್ಕವನ್ನು ಪರೀಕ್ಷಿಸುತ್ತಿದ್ದುದನ್ನು ನಾನು ಭಕ್ತಿಯಾಗಿ ಮಾಡಿಬಿಟ್ಟಿದ್ದೆ. ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅಂದು ಅಲ್ಲಿ ನಡೆದದ್ದು ಅದಲ್ಲ. ನಾನು ಸುಳ್ಳು ಸೇರಿಸಿರಲಿಲ್ಲ, ಬರೀ ತೆಗೆದಿದ್ದೆ. ಅದರಿಂದಲೇ ಚಿತ್ರ ಬೇರೆ ಮನುಷ್ಯನದಾಗಿತ್ತು. ಇದು ನನ್ನನ್ನು ಹಲವು ದಿನ ಕಾಡಿತು.

ಕತ್ತರಿಸಲೇಬಾರದು ಎಂಬ ಹಟ ನನಗಿಲ್ಲ. ಕ್ಯಾಮೆರಾದಲ್ಲಿ ಕಂಡಷ್ಟನ್ನೇ ಮುದ್ರಿಸಬೇಕೆಂದು ಬಲವಾಗಿ ನಂಬಿದ್ದ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸನ್ ಅವರ ಅತಿ ಪ್ರಸಿದ್ಧ ಚಿತ್ರ, ಪ್ಯಾರಿಸ್ಸಿನ ಸೇನ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಜಿಗಿಯುತ್ತಿರುವ ಮನುಷ್ಯನದು, 1932ರದು, ಕತ್ತರಿಸಿದ ಚಿತ್ರವೇ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಹಲಗೆ ಅಡ್ಡ ಬಂದಿತ್ತು. ಅಲ್ಲಿ ಹಲಗೆ ಹೋದರೂ ಜಿಗಿತ ಹೋಗಲಿಲ್ಲ. ನನ್ನ ಚಿತ್ರದಲ್ಲೂ ಹೋಗಬೇಕಾದದ್ದು ಒಂದಿತ್ತು. ಮಗನ ಮೊಬೈಲಿನ ಬೆಳಕು ಎಡ ಅಂಚಿನಲ್ಲಿ ಕಣ್ಣನ್ನು ಎಳೆಯುತ್ತಿತ್ತು. ಎಡದಿಂದ ಸ್ವಲ್ಪ, ಅಳತೆ ಕೂಡಲೆಂದು ಮೇಲಿನಿಂದ ಅದೇ ಪ್ರಮಾಣದಲ್ಲಿ ತೆಗೆದೆ. ಕೆಳಗೆ ಮುಟ್ಟಲಿಲ್ಲ. ನೀಲಿ ಕುರ್ಚಿಯೂ ಉಳಿಯಿತು. ಅದು ಚೆಂದವಾಗಿಲ್ಲ, ಆದರೆ ಕಾವಲುಗಾರ ಎದ್ದದ್ದು ಆ ಕುರ್ಚಿಯಿಂದಲೇ.

ಹನ್ನೆರಡು ಇಂಚಿಗೆ ಹದಿನೆಂಟು ಇಂಚಿನ ಮುದ್ರಣ ಮಾಡಿಸಿ, ರಟ್ಟಿನ ಕೊಳವೆಯಲ್ಲಿ ಸುತ್ತಿ ಊರಿಗೆ ಕಳುಹಿಸಿದೆ. ಹತ್ತು ದಿನಗಳ ಮೇಲೆ ಮಗ ಫೋನು ಮಾಡಿದ. ಅಜ್ಜ ಫೋಟೊಗೆ ಕಟ್ಟು ಹಾಕಿಸಲು ತಾವೇ ಪೇಟೆಗೆ ಹೋಗಿದ್ದರಂತೆ. ಅಂಗಡಿಯವನು ಕಟ್ಟಿನೊಳಗೆ ಅಂಚು ಸ್ವಲ್ಪ ಅಡಗುತ್ತದೆ ಎಂದಾಗ ಒಪ್ಪದೆ, ಟೇಪು ತರಿಸಿ, ಗಾಜು ಕೂರಿಸುವವರೆಗೂ ಪಕ್ಕದಲ್ಲೇ ನಿಂತಿದ್ದರಂತೆ.

"ಕಾಲಿನ ಕಡೆ ಒಂದು ನೂಲೂ ಒಳಗೆ ಹೋಗಬಾರದು ಎಂದು ಹೇಳಿದರು, ಮೇಡಂ," ಎಂದ ಮಗ.