ಎನ್‌ಕ್ಲೆಕ್ಸ್ ಓದುವ ಸಿಸ್ಟರ್‌ಗಳಿಗೆ: ಪ್ರಶ್ನೆಗಿಂತ ವಿವರಣೆಗೆ ಜಾಸ್ತಿ ಟೈಮ್ ಕೊಡಿ

ಮುಂಬಯಿಯ ಪರೇಲ್, ದಾದರ್ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮ ಉಡುಪಿ, ಕಾರ್ಕಳ, ಹುಬ್ಬಳ್ಳಿ, ಬೆಳಗಾವಿ ಹುಡುಗಿಯರು ಈಗ ಎನ್‌ಕ್ಲೆಕ್ಸ್, ಅಂದರೆ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯ ಬಗ್ಗೆ ತುಂಬಾ ಕೇಳುತ್ತಾರೆ. "ಅಕ್ಕಾ, ಯಾವ ಪುಸ್ತಕ ಓದಲಿ?" ಅನ್ನುವುದೇ ಎಲ್ಲರ ಮೊದಲ ಮಾತು. ನನ್ನ ಉತ್ತರ ಇಷ್ಟೇ. ಪುಸ್ತಕ ಯಾವುದೇ ಇರಲಿ, ದಿನಾ ಪ್ರಶ್ನೆ ಬಿಡಿಸಿ. ಬಿಡಿಸಿದ ಮೇಲೆ ಪ್ರತಿ ಪ್ರಶ್ನೆಯ ವಿವರಣೆಯನ್ನು ಪೂರ್ತಿ ಓದಿ, ಉತ್ತರ ಸರಿ ಬಂದಿದ್ದರೂ ಓದಿ. ನಾನು ಡೊಂಬಿವಲಿಯಿಂದ ಓಡಾಡಿಕೊಂಡು, ಮೂರೂ ಶಿಫ್ಟ್ ಮಾಡಿಕೊಂಡು ಓದಿ ಪಾಸಾದವಳು. ಹಾಗಾಗಿ ರಜೆ ಹಾಕಿ ಮನೆಯಲ್ಲಿ ಕೂತು ಓದುವವರಿಗಿಂತ, ಡ್ಯೂಟಿ ಬಿಡಲಾಗದವರಿಗೆ ಇದು ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಿರಬೇಕು. ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೆ ಇದನ್ನು ಪಾಸ್ ಮಾಡಲೇಬೇಕು. ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150, ಸಮಯ 5 ಗಂಟೆ. ನೀವು ಸರಿ ಉತ್ತರ ಕೊಡುತ್ತಾ ಹೋದಂತೆ ಕಂಪ್ಯೂಟರ್ ಇನ್ನೂ ಕಷ್ಟದ ಪ್ರಶ್ನೆ ಕೊಡುತ್ತದೆ, ತಪ್ಪಾದರೆ ಸ್ವಲ್ಪ ಸುಲಭದ್ದು ಕೊಡುತ್ತದೆ. ಕನಿಷ್ಠ ಪ್ರಶ್ನೆ ಮುಗಿದ ಮೇಲೆ, ನೀವು ಪಾಸ್ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಅಂತ ಅದಕ್ಕೆ ಶೇ. 95ರಷ್ಟು ಖಾತ್ರಿಯಾದ ಕೂಡಲೇ ಪರೀಕ್ಷೆ ನಿಂತುಬಿಡುತ್ತದೆ. ಅದಕ್ಕೇ ಒಳಗೆ ಕೂತಾಗ ಎಲ್ಲಾ ಪ್ರಶ್ನೆಯೂ ಕಷ್ಟ ಅನ್ನಿಸಿದರೆ ಹೆದರಬೇಡಿ, ಈ ಪರೀಕ್ಷೆಯಲ್ಲಿ ಅದು ಸಹಜ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಆಗುವುದಿಲ್ಲ. ನಮ್ಮ ಯೂನಿವರ್ಸಿಟಿ ಪರೀಕ್ಷೆ ಹಾಗೆ ಗೊತ್ತಿದ್ದದ್ದು ಮೊದಲು, ಗೊತ್ತಿಲ್ಲದ್ದು ಕೊನೆಗೆ ಅನ್ನುವ ಲೆಕ್ಕ ಇಲ್ಲಿ ನಡೆಯದು. ಆದ್ದರಿಂದ ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಒಂದು ಪ್ರಶ್ನೆ ನೋಡಿ, ತೀರ್ಮಾನ ಮಾಡಿ, ಮುಂದೆ ಹೋಗುವುದನ್ನು ರೂಢಿ ಮಾಡಿಕೊಳ್ಳಿ.

ವಿವರಣೆ ಯಾಕೆ ಓದಬೇಕು ಅಂತ ಒಂದು ಪ್ರಶ್ನೆ ಇಟ್ಟುಕೊಂಡೇ ಹೇಳುತ್ತೇನೆ. ನಾಲ್ಕು ಪೇಷಂಟ್ ಇದ್ದಾರೆ, ಯಾರನ್ನು ಮೊದಲು ನೋಡುತ್ತೀರಿ? ಒಬ್ಬರಿಗೆ ಮಂಡಿ ಆಪರೇಷನ್ ಆಗಿದೆ, ನೋವು ಹತ್ತಕ್ಕೆ ಏಳು. ಇನ್ನೊಬ್ಬರಿಗೆ ಸಿಓಪಿಡಿ (ಶ್ವಾಸಕೋಶದ ಹಳೆಯ ಕಾಯಿಲೆ), ಆಕ್ಸಿಜನ್ ಸ್ಯಾಚುರೇಶನ್ 90. ಮೂರನೆಯವರು ಡಯಾಬಿಟಿಸ್, ಶುಗರ್ 210. ನಾಲ್ಕನೆಯವರಿಗೆ ನಿನ್ನೆ ಥೈರಾಯ್ಡ್ ತೆಗೆದಿದ್ದಾರೆ, ಬಾಯಿ ಸುತ್ತ ಜುಮ್ ಅನ್ನುತ್ತಿದೆ ಅನ್ನುತ್ತಾರೆ. ತುಂಬಾ ಜನ ಉಸಿರಾಟ ಮೊದಲು ಅಂತ ಸಿಓಪಿಡಿಯವರ ಹತ್ತಿರ ಓಡುತ್ತಾರೆ. ಆದರೆ ಸಿಓಪಿಡಿಯಲ್ಲಿ 88ರಿಂದ 92 ಸಾಮಾನ್ಯವಾಗಿ ನಾವೇ ಇಟ್ಟುಕೊಳ್ಳುವ ಗುರಿ. ಆಪರೇಷನ್ ಆದವರಿಗೆ ನೋವು ಇದ್ದೇ ಇರುತ್ತದೆ. 210 ಶುಗರ್ ಈ ಕ್ಷಣ ಜೀವ ತೆಗೆಯುವುದಿಲ್ಲ. ಜುಮ್ ಅನ್ನುವುದು ಹಾಗಲ್ಲ. ಥೈರಾಯ್ಡ್ ತೆಗೆಯುವಾಗ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗೆ ಪೆಟ್ಟಾಗಿರಬಹುದು, ಆಗ ಕ್ಯಾಲ್ಸಿಯಂ ಇಳಿಯುತ್ತದೆ, ಇನ್ನೂ ಇಳಿದರೆ ಗಂಟಲಿನ ಸ್ನಾಯು ಬಿಗಿದು ಉಸಿರಿನ ದಾರಿಯೇ ಮುಚ್ಚಬಹುದು. ನೋಡಿ, ನಾಲ್ಕು ಕಾಯಿಲೆಗಳೂ ನಮಗೆ ಗೊತ್ತು, ಮೂರನೇ ವರ್ಷದಲ್ಲೇ ಓದಿದ್ದೇವೆ. ಈ ಕಾಯಿಲೆಯಲ್ಲಿ ಹೀಗಾಗುವುದು ಸಹಜವೇ, ಅಲ್ಲವೇ ಅಂತ ವಿಂಗಡಿಸುವುದೇ ಇಲ್ಲಿಯ ಪರೀಕ್ಷೆ. ಅದು ಬರುವುದು ವಿವರಣೆಯಿಂದ ಮಾತ್ರ. ಉಳಿದ ಮೂರು ಉತ್ತರ ಯಾಕೆ ತಪ್ಪು ಅಂತ ನಿಮ್ಮ ಬಾಯಲ್ಲಿ ನೀವೇ ಹೇಳಲು ಬಂದರೆ ಒಂದು ಪ್ರಶ್ನೆಯಿಂದ ನಾಲ್ಕು ಪಾಠ ಕಲಿತ ಹಾಗೆ.

ಕನ್ನಡದಲ್ಲೇ ಹೇಳಿಕೊಳ್ಳಿ, ನಾಚಿಕೆ ಬೇಡ. ನಾನೂ ನನ್ನ ಗೆಳತಿಯೂ ರಾತ್ರಿ ಫೋನಿನಲ್ಲಿ ಇದನ್ನೇ ಮಾಡುತ್ತಿದ್ದೆವು. "ಪೊಟ್ಯಾಶಿಯಂ ಇಳಿದಿದೆ ಮಾರಾಯ್ತಿ, ಡಿಜಾಕ್ಸಿನ್ ಹೇಗೆ ಕೊಡ್ತೀ?" ಅಂತ ಅವಳು ಕೇಳಿದರೆ ನಾನು ಕಾರಣ ಹೇಳಬೇಕು. ಡಿಜಾಕ್ಸಿನ್ ಹೃದಯದ ಔಷಧಿ. ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ತಗೊಳ್ಳುವವರಿಗೆ ಮೂತ್ರದಲ್ಲಿ ಪೊಟ್ಯಾಶಿಯಂ ಹೋಗುತ್ತದೆ, ಪೊಟ್ಯಾಶಿಯಂ ಕಮ್ಮಿಯಾದರೆ ಡಿಜಾಕ್ಸಿನ್ ವಿಷವಾಗುವ ಸಾಧ್ಯತೆ ಹೆಚ್ಚುತ್ತದೆ, ವಾಕರಿಕೆ ಬರುತ್ತದೆ, ಕಣ್ಣಿಗೆ ಹಳದಿ ಹಳದಿ ಕಾಣುತ್ತದೆ. ಕೊಡುವ ಮೊದಲು ಎದೆಯ ಮೇಲೆ ಸ್ಟೆತ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, ದೊಡ್ಡವರಿಗೆ 60ಕ್ಕಿಂತ ಕಮ್ಮಿ ಇದ್ದರೆ ತಡೆಹಿಡಿಯಬೇಕು. ಔಷಧಿಯನ್ನು ಹೀಗೆ ಲ್ಯಾಬ್ ವ್ಯಾಲ್ಯೂ ಜೊತೆ ಸೇರಿಸಿಯೇ ಓದಿ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅಂದರೆ ರಕ್ತದಲ್ಲಿ 0.6ರಿಂದ 1.2, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಂದರೆ ಸಾಮಾನ್ಯವಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ) 2ರಿಂದ 3. ಬಿಡಿ ಬಿಡಿಯಾಗಿ ಉದ್ದ ಪಟ್ಟಿ ಬಾಯಿಪಾಠ ಮಾಡಿದರೆ ಉಳಿಯುವುದಿಲ್ಲ. ಹೆಸರುಗಳನ್ನೂ ಒಂದು ಸಲ ನೋಡಿಕೊಳ್ಳಿ. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬ್ಯುಟಮಾಲ್ ಆಲ್ಬ್ಯುಟರಾಲ್.

ಇಲ್ಲಿ ಕೆಲಸ ಮಾಡಿದವರಿಗೆ ನಿಜವಾಗಿ ಕಾಲಿಗೆ ತೊಡರುವುದು ಡೆಲಿಗೇಶನ್, ಅಂದರೆ ಯಾವ ಕೆಲಸ ಯಾರಿಗೆ ವಹಿಸಬಹುದು ಅನ್ನುವುದು. ಮುಂಬಯಿ ವಾರ್ಡ್‌ನಲ್ಲಿ ಮಾವಶಿ (ಆಯಾ) ಇದ್ದಾರೆ, ಮಾಮಾ (ವಾರ್ಡ್‌ಬಾಯ್) ಇದ್ದಾರೆ, ಪೇಷಂಟ್‌ನ ಮನೆಯವರು ಹಾಸಿಗೆ ಪಕ್ಕದಲ್ಲೇ ಇರುತ್ತಾರೆ, ಯಾರು ಖಾಲಿ ಇದ್ದಾರೋ ಅವರ ಕೈಯಲ್ಲಿ ಕೆಲಸ ಆಗುತ್ತದೆ. ನಲವತ್ತು ಪೇಷಂಟ್‌ಗೆ ಇಬ್ಬರು ಸಿಸ್ಟರ್ ಇದ್ದರೆ ಇನ್ನೇನು ಮಾಡುವುದು? ಆದರೆ ಪರೀಕ್ಷೆಯಲ್ಲಿ ಅಳತೆ ಬೇರೆ. ಅಸೆಸ್ ಮಾಡುವುದು, ಕಲಿಸುವುದು, ಫಲ ಬಂತಾ ಅಂತ ನೋಡುವುದು ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಕೈಯಲ್ಲೇ ಇರಬೇಕು. ಸ್ಥಿರವಾಗಿರುವ ಪೇಷಂಟ್‌ಗೆ ಸ್ನಾನ, ಮಾಮೂಲಿ ವೈಟಲ್ಸ್, ಇನ್‌ಟೇಕ್ ಔಟ್‌ಪುಟ್ ಬರೆಯುವುದು, ಇಂಥದ್ದು ಸಹಾಯಕರಿಗೆ ಕೊಡಬಹುದು. ಸ್ಟ್ರೋಕ್ ಆಗಿ ನುಂಗಲು ಕಷ್ಟ ಇರುವವರಿಗೆ ಊಟ ಮಾಡಿಸುವುದನ್ನು ಕೊಡಬಾರದು. ಹಾಗೆಯೇ "ಡಾಕ್ಟರ್‌ಗೆ ತಿಳಿಸಿ" ಅನ್ನುವ ಉತ್ತರ ಕಂಡ ಕೂಡಲೇ ಒತ್ತಬೇಡಿ. ನರ್ಸ್ ಆಗಿ ಈಗಲೇ ಮಾಡಬಹುದಾದದ್ದು ಏನಾದರೂ ಇದೆಯಾ ಅಂತ ಮೊದಲು ನೋಡಿ. ಉಸಿರು ಕಟ್ಟುತ್ತಿದ್ದರೆ ತಲೆಭಾಗ ಎತ್ತುವುದು ನಿಮ್ಮ ಕೆಲಸ, ಫೋನ್ ಆಮೇಲೆ. ಮ್ಯಾನೇಜ್‌ಮೆಂಟ್ ಆಫ್ ಕೇರ್ ಅನ್ನುವ ಭಾಗವೇ ಪರೀಕ್ಷೆಯಲ್ಲಿ ಅತಿ ದೊಡ್ಡದು, ಇದನ್ನು ಕೊನೆಗೆ ತಳ್ಳಬೇಡಿ.

2023ರ ಏಪ್ರಿಲ್ 1ರಿಂದ ಕೇಸ್ ಸ್ಟಡಿ ಸೇರಿದೆ. ಮಾರ್ಕ್ ಸಿಗುವ ಕೇಸ್ ಮೂರು, ಒಂದೊಂದಕ್ಕೂ ಆರು ಪ್ರಶ್ನೆ. ನರ್ಸ್ ನೋಟ್ಸ್, ಲ್ಯಾಬ್ ರಿಪೋರ್ಟ್, ಆರ್ಡರ್ ಎಲ್ಲ ತೆರೆದಿಟ್ಟು, ಯಾವ ಲಕ್ಷಣ ಮುಖ್ಯ, ಅದರ ಅರ್ಥ ಏನು, ಯಾವುದು ಮೊದಲು, ಏನು ಮಾಡಬಹುದು, ಏನು ಮಾಡುತ್ತೀರಿ, ಫಲ ಬಂತಾ ಅಂತ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತಾರೆ. ಇದಕ್ಕೆ ನಿಮ್ಮ ವಾರ್ಡ್‌ಗಿಂತ ಒಳ್ಳೆಯ ಅಭ್ಯಾಸದ ಜಾಗ ಇಲ್ಲ. ಹ್ಯಾಂಡೋವರ್ ತಗೊಳ್ಳುವಾಗ ಒಬ್ಬ ಪೇಷಂಟ್ ಬಗ್ಗೆ ಈ ಆರು ಪ್ರಶ್ನೆ ಮನಸ್ಸಿನಲ್ಲೇ ಕೇಳಿಕೊಳ್ಳಿ, ಸಾಕು. ಸಾಟಾ, ಅಂದರೆ ಸರಿ ಇರುವ ಉತ್ತರಗಳನ್ನೆಲ್ಲ ಆರಿಸಬೇಕಾದ ಪ್ರಶ್ನೆಗಳಲ್ಲೂ ಈಗ ಅರ್ಧಂಬರ್ಧ ಮಾರ್ಕ್ ಸಿಗುತ್ತದೆ. ಸರಿ ಆರಿಸಿದರೆ ಒಂದು ಸೇರುತ್ತದೆ, ತಪ್ಪು ಆರಿಸಿದರೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂದಾಜಿನ ಮೇಲೆ ಎಲ್ಲದಕ್ಕೂ ಟಿಕ್ ಹಾಕಿದರೆ ಬಂದ ಮಾರ್ಕೂ ಹೋಗುತ್ತದೆ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ತೆಗೆಯುವುದು ಮೇಲು ಅನ್ನುವುದು ಬರೀ ನನ್ನ ಮಾತಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ ಇದ್ದರು, ಒಂದು ವಾರದ ನಂತರ ಕೇಳಿದಾಗ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಂಡವರು ಮುಂದೆ ಹೋಗಿದ್ದರು. ಹೈಲೈಟರ್ ಹಿಡಿದು ಪುಟ ಹಳದಿ ಮಾಡಿದಾಗ ಎಲ್ಲ ಬಂತು ಅನ್ನಿಸುತ್ತದಲ್ಲ, ಆ ಐದು ನಿಮಿಷದ ಖುಷಿ ನಂಬಬೇಡಿ. ಲೇಡೀಸ್ ಡಬ್ಬಾದಲ್ಲಿ ಠಾಣೆವರೆಗೆ ನಿಂತೇ ಬರಬೇಕಲ್ವಾ, ಅಲ್ಲಿ ಪುಸ್ತಕ ತೆರೆಯಲು ಜಾಗವೇ ಇರುವುದಿಲ್ಲ. ಹಿಂದಿನ ದಿನ ತಪ್ಪಾದದ್ದನ್ನು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ಅಷ್ಟು ಜಾಗ ಸಾಕು. ಗಾಳಿಯಿಂದ ಹರಡುವುದು ಯಾವುದು? ಟಿಬಿ, ದಡಾರ, ಚಿಕನ್‌ಪಾಕ್ಸ್. ಕೈಗೆ ಸ್ಯಾನಿಟೈಸರ್ ಸಾಲದೆ ಸೋಪು ನೀರೇ ಬೇಕಾದದ್ದು? ಭೇದಿ ತರುವ ಸಿ ಡಿಫ್ ಬ್ಯಾಕ್ಟೀರಿಯಾ.

ನೈಟ್ ಮುಗಿಸಿ ಬಂದ ಬೆಳಿಗ್ಗೆ ಮಾತ್ರ ಓದಬೇಡಿ. ಮಲಗಿ. ಎದ್ದು ಊಟ ಮಾಡಿದ ಮೇಲೆ ಹಳೆಯ ತಪ್ಪುಗಳನ್ನು ನೋಡಿ, ಹೊಸ ಪಾಠಕ್ಕೆ ಆಫ್ ಇರುವ ದಿನ ಇಟ್ಟುಕೊಳ್ಳಿ.

ಮತ್ತೆ ಆ ವಾಟ್ಸಾಪ್ ಗ್ರೂಪ್‌ಗಳಲ್ಲಿ ದುಡ್ಡಿಗೆ ಮಾರುವ "ರೀಕಾಲ್" ಪಿಡಿಎಫ್, ಅಂದರೆ ಪರೀಕ್ಷೆ ಬರೆದು ಬಂದವರು ನೆನಪಿಟ್ಟುಕೊಂಡು ಬರೆದ ಪ್ರಶ್ನೆಗಳು. ದಯವಿಟ್ಟು ಮುಟ್ಟಬೇಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಶ್ನೆ ಬರುವ ಪರೀಕ್ಷೆ ಇದು. ಪ್ರಶ್ನೆಗಳನ್ನು ಹೊರಗೆ ಹೇಳುವುದು ನಿಯಮಕ್ಕೆ ವಿರುದ್ಧ, ರಿಸಲ್ಟೇ ರದ್ದಾಗಬಹುದು. ಪರೀಕ್ಷೆ ಫೀಸು 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಮತ್ತೆ 150 ಡಾಲರ್. ಎಷ್ಟು ತಿಂಗಳ ಉಳಿತಾಯ ಅದು, ನಿಮಗೇ ಗೊತ್ತು. ಫೇಲ್ ಆದರೆ ಕಡಿಮೆ ಅಂದರೆ 45 ದಿನ ಕಾಯಬೇಕು.

ಸೆಂಟರ್ ಮುಂಬಯಿಯಲ್ಲೇ ಇದೆ, ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಐದು ಗಂಟೆಯ ಒಳಗೇ ಬ್ರೇಕ್ ಕೂಡ ಸೇರುತ್ತದೆ, ಆದರೂ ಎರಡು ಗಂಟೆ ಆದಾಗ ಎದ್ದು ಮುಖ ತೊಳೆದು, ಏನಾದರೂ ತಿಂದು ಬನ್ನಿ. ಪಾಸ್‌ಪೋರ್ಟ್‌ನಲ್ಲಿರುವ ಹೆಸರೂ ರಿಜಿಸ್ಟರ್ ಮಾಡಿದ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ಮದುವೆ ಆದ ಮೇಲೆ ಇನ್ನೊಂದು ಅಂತ ಇರುತ್ತದೆ. ಅರ್ಜಿ ಹಾಕುವ ಮೊದಲೇ ಇದನ್ನು ಸರಿ ಮಾಡಿಸಿಕೊಳ್ಳಿ, ಡೇಟ್ ಬುಕ್ ಮಾಡಿದ ಮೇಲೆ ಓಡಾಡಲು ನಿಮಗೆ ಆಫ್ ಸಿಗುವುದಿಲ್ಲ.