ಆಟದ ಡಾಕ್ಟರ್ ಆಗಬೇಕು ಅನ್ನುವವರಿಗೆ

ಸ್ಪೋರ್ಟ್ಸ್ ಮೆಡಿಸಿನ್‌ಗೆ ಬರಲು ಏನು ಓದಬೇಕು ಅಂತ ಕಿರಿಯರು ಕೇಳುತ್ತಿರುತ್ತಾರೆ. ಮೊದಲು ಎಲ್ಲರ ಹಾಗೆ ವೈದ್ಯಕೀಯ ಪದವಿ, ಆಮೇಲೆ ಈ ವಿಷಯದಲ್ಲೇ ವಿಶೇಷ ತರಬೇತಿ. ನಮ್ಮಲ್ಲಿ ಹೆಚ್ಚಿನವರು ಆಪರೇಷನ್ ಮಾಡುವುದಿಲ್ಲ, ಅದು ಸರ್ಜನ್ ಕೆಲಸ. ಇದನ್ನು ಎಷ್ಟು ಸಲ ಹೇಳಿದರೂ ನೆಂಟರಿಗೆ ಅರ್ಥವಾಗುವುದಿಲ್ಲ, ಬಿಡಿ.

ಓದಿಗಿಂತ ಕಷ್ಟ ಅಂದರೆ, ಆಡಲೇಬೇಕು ಅನ್ನುವವರಿಗೆ ‘ಇವತ್ತು ಬೇಡ’ ಅನ್ನುವುದು.

ತಲೆಗೆ ಪೆಟ್ಟು ಬಿದ್ದವನು ಎದ್ದು ನಿಂತು, ‘ಏನೂ ಆಗಿಲ್ಲ ಡಾಕ್ಟ್ರೇ’ ಅನ್ನುತ್ತಾನೆ. ಹೆಸರು, ವಾರ ಕೇಳಿದರೆ ಸಾಲದು. ಮಂಕು ಕವಿದವರೂ ಅದನ್ನು ಸರಿಯಾಗಿ ಹೇಳಿಬಿಡಬಹುದು. ಹಾಗಾಗಿ ಯಾವ ಮೈದಾನದಲ್ಲಿದ್ದೇವೆ, ಇದು ಮೊದಲರ್ಧವೋ ಎರಡನೆಯದೋ, ಕೊನೆಯ ಗೋಲು ಯಾರದು, ಹಿಂದಿನ ಮ್ಯಾಚ್ ಗೆದ್ದಿರಾ ಅಂತ ಕೇಳುತ್ತೇವೆ. ಒಬ್ಬ ಹುಡುಗ ವಾರ, ಊರು ಎಲ್ಲ ಪಟಪಟ ಹೇಳಿದ. ಗೋಲು ಯಾರು ಹೊಡೆದರು ಅಂದಾಗ ಸ್ಕೋರ್‌ಬೋರ್ಡ್ ಕಡೆ ತಿರುಗಿದ. ಹೊಡೆದಿದ್ದು ಅವನೇ! ಉತ್ತರವೆಲ್ಲ ಸರಿ ಇದ್ದರೂ ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳು ಅಲುಗಾಡಿ ಅದರ ಕೆಲಸ ಏರುಪೇರಾಗಿರುವ ಅನುಮಾನ ಉಳಿದರೆ ಅವತ್ತು ಮತ್ತೆ ಆಡಿಸುವ ಹಾಗಿಲ್ಲ. ಕೋಚ್ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರೂ ಅಷ್ಟೇ.

ಮಂಡಿಯದು ಇನ್ನೊಂದು ಬಗೆಯ ಒತ್ತಡ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ ಹರಿದು, ಅದರ ಜಾಗಕ್ಕೆ ಹೊಸದನ್ನು ಕೂರಿಸುವ ಆಪರೇಷನ್ ಆದ ಕೆಲವೇ ತಿಂಗಳಿಗೆ ನೋವು ಹೋಗುತ್ತದೆ, ಓಟವೂ ಶುರುವಾಗುತ್ತದೆ. ಆದರೆ ಹೊಸ ಲಿಗಮೆಂಟ್ ಇನ್ನೂ ಗಟ್ಟಿಯಾಗಿರುವುದಿಲ್ಲ. ತಿರುಗುವ, ಜಿಗಿಯುವ ಆಟಕ್ಕೆ ಮರಳಲು ಕನಿಷ್ಠ 9 ತಿಂಗಳು ಕಾಯಿರಿ ಅನ್ನುತ್ತೇವೆ. ತಿಂಗಳು ಎಣಿಸಿದರೂ ಮುಗಿಯಲಿಲ್ಲ. ಒಂಟಿ ಕಾಲಲ್ಲಿ ಕುಪ್ಪಳಿಸುವ ದೂರ, ತೊಡೆಯ ಬಲ, ಎರಡೂ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಬರಬೇಕು. ಆಟಗಾರರು ಜಾಸ್ತಿ ಮುನಿಸಿಕೊಳ್ಳುವುದು ಇಲ್ಲೇ.

ನೆಗಡಿ ಮಾತ್ರೆಯೂ ನಮ್ಮ ತಲೆನೋವೇ. ಸಾಮಾನ್ಯ ಶೀತದ ಎಷ್ಟೋ ಔಷಧಿಗಳಲ್ಲಿ ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಇರುತ್ತದೆ. ಸ್ಪರ್ಧೆಯ ಹೊತ್ತಲ್ಲಿ ಮೂತ್ರದಲ್ಲಿ ಮಿತಿ ಮೀರಿ ಸಿಕ್ಕರೆ ಅದು ಡೋಪಿಂಗ್. ಅಂಗಡಿಯಿಂದ ತಂದುಕೊಳ್ಳುವ ಮುಂಚೆ ನನಗೆ ಫೋಟೋ ಕಳಿಸಿ ಅಂತ ಎಲ್ಲರಿಗೂ ಹೇಳಿಟ್ಟಿರುತ್ತೇನೆ.

ಈ ಕಡೆ ಬರುವ ಮನಸ್ಸಿದ್ದರೆ ಯಾವುದಾದರೂ ಟೀಮ್ ಡಾಕ್ಟರ್ ಜೊತೆ ಕೆಲವು ಪಂದ್ಯಗಳಿಗೆ ಹೋಗಿ ನೋಡಿ. ಬಹಳ ಹೊತ್ತು ಸುಮ್ನೆ ಕೂತಿರುತ್ತೀರಿ. ಆದರೆ ಎಇಡಿ (ಹೃದಯ ಸ್ತಂಭನವಾದಾಗ ಶಾಕ್ ಕೊಡುವ ಯಂತ್ರ) ಎಲ್ಲಿದೆ, ಅದರ ಬ್ಯಾಟರಿ ಸರಿ ಇದೆಯಾ, ಆಂಬ್ಯುಲೆನ್ಸ್ ಬರುವ ಗೇಟಿಗೆ ಬೀಗ ಹಾಕಿದ್ದಾರಾ, ಬೀಗದ ಕೈ ಯಾರ ಹತ್ತಿರ ಇದೆ, ಇದನ್ನೆಲ್ಲ ಆಟ ಶುರುವಾಗುವ ಮುಂಚೆ ಅವರು ಓಡಾಡಿ ವಿಚಾರಿಸುತ್ತಾರೆ. ಆಗಲೂ ಜೊತೆಗಿರಿ.